ಐವತ್ತು ಪೈಸೆ ಕಾರ್ಡು: ನನ್ನ ಅನುಭವ

ಗಲ್ಲು ಶಿಕ್ಷೆ ಬೇಡ ಅಂತ ಸಹಿ ಹಾಳೆ ತುಂಬಿಸಿದ್ದು ಸಾಕು, ಇನ್ನು ಜನರ ಕೈಲಿ ರಾಷ್ಟ್ರಪತಿಗೆ ಅಂಚೆ ಕಾರ್ಡು ಬರೆಸೋಣ ಅಂದಾಗ ಮಂಗಳೂರಿನ ನಮ್ಮ ಗೆಳೆಯರೇ ನಕ್ಕಿದ್ದರು. "50 ಪೈಸೆಗೆ ಗಲ್ಲು ತಪ್ಪುತ್ತಾ ಮಾರಾಯ್ರೆ?"

ಮೊದಲು ನಾನೂ ಸಹಿ ಹಾಳೆಯವನೇ. ಹಂಪನಕಟ್ಟೆಯಲ್ಲಿ ಎರಡು ಭಾನುವಾರ ನಿಂತು ಆರುನೂರೋ ಏಳುನೂರೋ ಸಹಿ ಹಾಕಿಸಿದೆ. ಜನ ಬಸ್ಸಿನ ಮೇಲೆ ಕಣ್ಣಿಟ್ಟುಕೊಂಡೇ ಗೀಚಿ ಓಡುತ್ತಿದ್ದರು. ಯಾರ ಪರ ಅಂತ ಓದಿದವರು ಹತ್ತು ಜನ ಇರಲಿಕ್ಕಿಲ್ಲ.

ಅಮೆರಿಕದ ಟೆಕ್ಸಾಸಿನಲ್ಲಿ ತಿಂದ ಪೆಟ್ಟು ಇನ್ನೂ ದೊಡ್ಡದು. ಅಲ್ಲಿನ ಕೈದಿಯೊಬ್ಬನಿಗಾಗಿ ಅರವತ್ತು ಪತ್ರ ಹಾಕಿದೆವು, ಎಲ್ಲವೂ ಗವರ್ನರ್ ಹೆಸರಿಗೆ. ಅಲ್ಲಿ ಕ್ಷಮಾದಾನ ಮಂಡಳಿ ಶಿಫಾರಸು ಮಾಡದೆ ಗವರ್ನರ್ ಮರಣದಂಡನೆ ಇಳಿಸುವಂತಿಲ್ಲ. ಒಂದು ಸಲ 30 ದಿನ ಮುಂದೂಡಬಹುದು, ಅಷ್ಟೇ. ಇದು ಗೊತ್ತಾಗುವಾಗ ಒಂದೂವರೆ ಸಾವಿರದಷ್ಟು ಅಂಚೆ ಖರ್ಚು ನನ್ನ ಜೇಬಿನಿಂದ ಹೋಗಿತ್ತು.

2013ರ ಫೆಬ್ರವರಿಯಲ್ಲಿ ಪಾಲಾರ್ ಸ್ಫೋಟದ (1993ರಲ್ಲಿ ವೀರಪ್ಪನ್ ತಂಡ ಪೊಲೀಸರ ಮೇಲೆ ನಡೆಸಿದ ನೆಲಬಾಂಬ್ ದಾಳಿ) ನಾಲ್ವರು ಅಪರಾಧಿಗಳ ಕ್ಷಮಾದಾನ ಅರ್ಜಿಯನ್ನು, ಒಂಬತ್ತು ವರ್ಷ ಬಾಕಿ ಇಟ್ಟು, ರಾಷ್ಟ್ರಪತಿ ತಿರಸ್ಕರಿಸಿದರು. ಅವರು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದರು. ಈ ಸಲ ಬರೆಯುವವರಿಗೆ ತಲಾ ಒಂದೇ ಕಾರ್ಡು, ಅವರದೇ ಕೈಬರಹ, ಅವರದೇ ಮಾತು. ಪಾಂಡೇಶ್ವರದ ಅಂಚೆ ಕಚೇರಿಯಿಂದ ಕಟ್ಟುಗಟ್ಟಲೆ ತಂದೆ. ಕಾರ್ಡಿಗಿಂತ ಚಹಾ, ಗೋಳಿಬಜೆಗೇ ಜಾಸ್ತಿ ಖರ್ಚಾಯಿತು. 

ಒಬ್ಬರು ಅಜ್ಜ ಪೆನ್ನು ಹಿಡಿದು ಕಾಲು ಗಂಟೆ ಕೂತರು. "ಸತ್ತ 22 ಜನರ ಮನೆಯವರಿಗೆ ಯಾರು ಬರೆಯುತ್ತಾರೆ?" ಅಂತ ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಕೊನೆಗೆ ಅವರೇ ಬರೆದರು: "ತಪ್ಪು ಮಾಡಿದ್ದಾರೆ. ಒಂಬತ್ತು ವರ್ಷ ಕಾಯಿಸಿ ಕೊಲ್ಲುವುದು ಬೇಡ."

ಸುಮ್ನೆ ನೋಡೋಣ ಅಂತ ಕೆಲವರ ಕೈಲಿ ತುಳುವಿನಲ್ಲೂ ಬರೆಸಿದೆ. ದೆಹಲಿಯಲ್ಲಿ ಓದುವವರು ಯಾರು ಅಂತ ಕೇಳಬೇಡಿ. ಆದರೆ ಅವೇ ಎಲ್ಲಕ್ಕಿಂತ ಉದ್ದ ಇದ್ದವು, ಮೂಲೆಯಲ್ಲೂ ಜಾಗ ಬಿಟ್ಟಿರಲಿಲ್ಲ. ಒಟ್ಟು ನಾನೂರರ ಹತ್ತಿರ ಹೋಯಿತು. 2007ರಲ್ಲಿ ವಿಶ್ವಸಂಸ್ಥೆಯಲ್ಲಿ 104 ದೇಶಗಳು ಗಲ್ಲು ನಿಲ್ಲಿಸಿ ಅಂದಾಗ ನಮ್ಮ ದೇಶ ವಿರುದ್ಧ ಮತ ಹಾಕಿತ್ತು. ಆ ದೇಶದ ಒಂದು ಊರಿನಿಂದ ನಾನೂರು ಕಡಿಮೆಯಾ?

2014ರ ಜನವರಿ 21ರಂದು ಸುಪ್ರೀಂ ಕೋರ್ಟು 15 ಜನರ ಗಲ್ಲನ್ನು ಜೀವಾವಧಿಗೆ ಇಳಿಸಿತು. ಈ ನಾಲ್ವರೂ ಅದರಲ್ಲಿದ್ದರು. ಅರ್ಜಿ ತೀರ್ಮಾನಿಸಲು ಆದ ವಿಳಂಬವೇ ಮುಖ್ಯ ಕಾರಣ, ನಮ್ಮ ಕಾರ್ಡಲ್ಲ ಅಂತ ಗೆಳೆಯರು ಹೇಳಿದರು. ಒಪ್ಪುತ್ತೇನೆ. ಆದರೆ ಅಜ್ಜ ಕಾರ್ಡಿನಲ್ಲಿ ಬರೆದದ್ದೂ ಅದೇ ಅಲ್ವಾ?

ಮೂವತ್ತರಷ್ಟು ಕಾರ್ಡು ಉಳಿದಿದ್ದವು. ಆ ವರ್ಷ ಅಕ್ಟೋಬರ್ 10ಕ್ಕೆ, ಮರಣದಂಡನೆ ವಿರೋಧಿ ದಿನಕ್ಕೆ ಬೇಕು ಅಂತ ತಗೊಂಡು ಹೋದವರು ಯಾರು ಗೊತ್ತಾ? ಎಲ್ಲರಿಗಿಂತ ಜೋರಾಗಿ ನಕ್ಕಿದ್ದವರೇ.