ಹಳೇ ಸೀರೆಗೆ ಕತ್ತರಿ ಹಾಕೋ ಮೊದಲು

ಲಂಗ ಹೊಲಿಯೋಕೆ ಹೊಸ ಬಟ್ಟೆನೇ ಬೇಕು ಅಂತೇನಿಲ್ಲ. ಸಂತೆಯ ಕಟ್ ಪೀಸ್ ಸಾಕು, ಬೀರುವಿನಲ್ಲಿ ಸುಮ್ನೆ ಬಿದ್ದಿರೋ ಕಾಟನ್ ಸೀರೆ ಆದರೆ ಇನ್ನೂ ಒಳ್ಳೇದು. ಎಷ್ಟೋ ಸಲ ಒಗೆದ ಸೀರೆ ಇನ್ನು ಕುಗ್ಗಲ್ಲ. ಕಟ್ ಪೀಸನ್ನು ಮಾತ್ರ ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಯೇ ಕತ್ತರಿಸಿ.

ಸೀರೆಯನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿ. ಸವೆದ ಜಾಗ ಜಾಳುಜಾಳಾಗಿ ಕಾಣುತ್ತದೆ. ಅಲ್ಲಿ ಎರಡು ಹೆಬ್ಬೆರಳಿಟ್ಟು ಎಳೆಯಿರಿ. ಪರ್ ಅಂದರೆ ಆ ತುಂಡು ನೆಲ ಒರೆಸೋಕೆ. ನಮ್ಮ ಚಿಕ್ಕಬಳ್ಳಾಪುರದ ಕಡೆ ರೇಷ್ಮೆಗೆ ಬರವಿಲ್ಲ, ಶಿಡ್ಲಘಟ್ಟದಲ್ಲಿ ಗೂಡಿನ ಮಾರುಕಟ್ಟೆಯೇ ಇದೆ. ಹಾಗಂತ ಮೊದಲ ಲಂಗಕ್ಕೇ ಅಜ್ಜಿಯ ರೇಷ್ಮೆ ಸೀರೆ ತೆಗೀಬೇಡಿ. ಹಳೇ ರೇಷ್ಮೆ ಮಡಿಕೆಯಲ್ಲೇ ಸೀಳುತ್ತದೆ, ಸೂಜಿ ತೂತು ಬಿದ್ದರೆ ಮುಚ್ಚಲ್ಲ.

ಇನ್ನು ಮೂಲೆಯಲ್ಲಿರೋ, ಕಾಲಲ್ಲಿ ತುಳಿಯೋ ಹೊಲಿಗೆ ಮೆಷಿನ್. ಚಕ್ರ ತಿರುಗದಿದ್ದರೆ ಕೆಟ್ಟಿದೆ ಅಂತ ಗುಜರಿಗೆ ಹಾಕಬೇಡಿ. ಯಾರೋ ಕೊಬ್ಬರಿ ಎಣ್ಣೆ ಬಿಟ್ಟಿರುತ್ತಾರೆ, ಅದು ಅಂಟಾಗಿ ಕೂತಿರುತ್ತದೆ. ಡಿಸೆಂಬರ್ ಚಳಿಯಲ್ಲಂತೂ ಗಟ್ಟಿಯಾಗಿಬಿಡುತ್ತದೆ. ಸೀಮೆಎಣ್ಣೆ ಸಿಕ್ಕರೆ ಎಣ್ಣೆ ತೂತುಗಳಿಗೆ ಎರಡೆರಡು ಹನಿ ಬಿಟ್ಟು, ದಾರವಿಲ್ಲದೆ ಓಡಿಸಿ, ಒರೆಸಿ. ಆಮೇಲೆ ಮೆಷಿನ್ ಎಣ್ಣೆ. ಬಾಬಿನ್ ಕೇಸ್, ಅಂದರೆ ಅಡಿ ದಾರದ ಉರುಳೆ ಕೂರೋ ಡಬ್ಬಿ, ತೆಗೆದು, ಬಟ್ಟೆ ಮುಂದಕ್ಕೆ ತಳ್ಳೋ ಹಲ್ಲುಗಳ ಕೆಳಗಿನ ಧೂಳನ್ನು ಹಳೇ ಹಲ್ಲುಜ್ಜೋ ಬ್ರಷ್‌ನಲ್ಲಿ ತೆಗೀರಿ. ಚರ್ಮದ ಬೆಲ್ಟ್ ಸಡಿಲವಾಗಿದ್ದರೆ ಕಾಲಿಂಚು ಕತ್ತರಿಸಿ ಕ್ಲಿಪ್ ಮತ್ತೆ ಹಾಕಿ.

ಕಾಟನ್ ಸೀರೆಗೆ 14ನೇ ನಂಬರ್ ಸೂಜಿ, ದಪ್ಪ ಬಟ್ಟೆಗೆ 16. ಸೂಜಿಯ ಉದ್ದ ಗೀರು ಇರೋ ಕಡೆಯಿಂದ ದಾರ ಪೋಣಿಸಬೇಕು. ಪೋಣಿಸುವಾಗ ಬಟ್ಟೆ ಒತ್ತಿ ಹಿಡಿಯೋ ಮೆಷಿನ್ನಿನ ಪಾದ ಎತ್ತಿರಲಿ, ಆಗ ದಾರ ಅದನ್ನು ಬಿಗಿ ಹಿಡಿಯೋ ಟೆನ್ಷನ್ ಬಿಲ್ಲೆಗಳ ಮಧ್ಯೆ ಸರಿಯಾಗಿ ಕೂರುತ್ತದೆ. ಬಟ್ಟೆಯ ಅಡಿಯಲ್ಲಿ ದಾರ ಗಂಟುಗಂಟಾಗಿ ಬಂದರೆ ಎಲ್ಲರೂ ಬಾಬಿನ್ ಬೈಯ್ಯುತ್ತಾರೆ. ತಪ್ಪು ಹೆಚ್ಚಾಗಿ ಮೇಲಿನ ದಾರದ್ದೇ. ತೆಗೆದು ಮತ್ತೆ ಪೋಣಿಸಿ. ಚಕ್ರವನ್ನು ಯಾವಾಗಲೂ ನಿಮ್ಮ ಕಡೆಗೇ ತಿರುಗಿಸಿ, ಹಿಂದಕ್ಕೆ ಹೋದರೆ ದಾರ ಸಿಕ್ಕಾಗುತ್ತದೆ. ಮೊದಲು ಬೇಡದ ತುಂಡಿನ ಮೇಲೆ ಕಾಲು ಪಳಗಿಸಿಕೊಳ್ಳಿ.

ಅಳತೆ ಸುಲಭ. ಸೊಂಟ 28 ಇಂಚು ಇದ್ದರೆ ಸುತ್ತಳತೆಗೆ ಅದರ ಮೂರರಷ್ಟು, ಅಂದರೆ 84 ಇಂಚು. ಸೀರೆಯನ್ನು ಉದ್ದಕ್ಕೇ ಬಳಸಿ, ಅಂಚೇ ಲಂಗದ ಕೆಳಭಾಗವಾಗಲಿ. ಮಡಿಸಿ ಹೊಲಿಯೋ ಕೆಲಸ ಉಳೀತಲ್ವಾ! ಕಾಲಿಗೆ ತಾಗೋ ಅಂಚು ಸವೆದಿದ್ದರೆ ಸೀರೆಯನ್ನು ತಲೆಕೆಳಗು ಮಾಡಿ ಇನ್ನೊಂದು ಅಂಚು ಹಿಡೀರಿ. ಎತ್ತರ ಕತ್ತರಿಸುವಾಗ ಲಾಡಿ ಹೋಗೋ ಮಡಿಕೆಗೆ ಎರಡು ಇಂಚು ಜಾಸ್ತಿ ಇರಲಿ.

ಪಕ್ಕದ ಹೊಲಿಗೆ ಹಾಕುವಾಗ ಸೊಂಟದ ಹತ್ತಿರ ನಾಲ್ಕು ಇಂಚು ಬಿಡಿ, ಹಾಕಿಕೊಳ್ಳೋಕೆ, ಬಿಚ್ಚೋಕೆ ಬೇಕು. ಇಂಚಿಗೆ ಹತ್ತು ಹೊಲಿಗೆ ಸಾಕು. ತೀರಾ ಸಣ್ಣ ಹೊಲಿಗೆ ಹಾಕಿದರೆ ಹಳೇ ಬಟ್ಟೆ ಆ ಗೆರೆಯುದ್ದಕ್ಕೂ ಹರಿಯುತ್ತದೆ. ಬೆಳೆಯೋ ಹುಡುಗಿಗಾದರೆ ಅಂಚಿನ ಮೇಲೆ, ಒಳಗಡೆ, ಒಂದಿಂಚಿನ ಎರಡು ಟಕ್, ಅಂದರೆ ಹೊಲಿದ ಮಡಿಕೆ, ಹಿಡೀರಿ. ಅದಕ್ಕೆ ನಾಲ್ಕು ಇಂಚು ಬಟ್ಟೆ ಮೊದಲೇ ಲೆಕ್ಕ ಹಾಕಿರಬೇಕು. ಟಕ್ಕಿಗೆ ದೊಡ್ಡ ಹೊಲಿಗೆಯೇ ಇರಲಿ. ಮುಂದಿನ ವರ್ಷ ಬ್ಲೇಡ್ ಹಿಡಿಯದೆ ಕೈಯಲ್ಲೇ ಎಳೆದು ಬಿಚ್ಚಬಹುದು.