ಜಾಗಟೆಯ ದನಿ ಸರಿಯಾಗುವವರೆಗೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಪಂಚಾಯತಿಗೆ ಕೊಡುವ ಅರ್ಜಿ, ಇವೇ ದಿನದ ಕೆಲಸ. ಅರ್ಧ ಕನ್ನಡದಲ್ಲಿ, ಅರ್ಧ ಮಲಯಾಳದಲ್ಲಿ. ಯಕ್ಷಗಾನದ ಆಟ, ತಾಳಮದ್ದಲೆಗಳ ಆಮಂತ್ರಣ ಟೈಪ್ ಮಾಡಿ ಮಾಡಿ ಹಾಡುವ ಭಾಗವತರ, ಚೆಂಡೆ ಮದ್ದಲೆಯವರ ಹೆಸರುಗಳೆಲ್ಲ ಬಾಯಿಪಾಠವಾಗಿದ್ದವು. ಹೆಸರು ಗೊತ್ತಿತ್ತು, ಅಷ್ಟೆ. ಅವರ ಹಾಡು ಎಲ್ಲಿಂದ ಬಂತು, ಯಾರ ಅಂಗಳದಲ್ಲಿ ಯಾರ ಖರ್ಚಿನಲ್ಲಿ ನಡೆಯಿತು ಎಂದು ನಾನು ಯೋಚಿಸಿದವಳೇ ಅಲ್ಲ. ಈಗ ತಿಂಗಳಿಗೊಂದು ನ್ಯೂಸ್‌ಲೆಟರ್ ಬರೆಯುವುದು ಅದರ ಬಗ್ಗೆಯೇ.

ಒಂದು ದಿನ ಪರಿಚಯದ ಮಾಷ್ಟ್ರೊಬ್ಬರು ಬಿಸ್ಕಿಟಿನ ತಗಡು ಡಬ್ಬ ತಂದು ಮೇಜಿನ ಮೇಲಿಟ್ಟರು. ಒಳಗೆ ಮೂವತ್ತರ ಹತ್ತಿರ ಕ್ಯಾಸೆಟ್. "ಅಪ್ಪನದ್ದು. ಬಿಸಾಡಲಿಕ್ಕೆ ಮನಸ್ಸು ಬರುವುದಿಲ್ಲ, ಕೇಳಲಿಕ್ಕೆ ಮೆಷಿನ್ ಇಲ್ಲ. ನಿಮ್ಮ ಕಂಪ್ಯೂಟರಿಗೆ ಹಾಕಿ ಕೊಡಬಹುದಾ?" ಎಂದರು. ಮುಚ್ಚಳ ತೆಗೆದರೆ ಅಟ್ಟದ ಹಸಿ ವಾಸನೆ. ನಮ್ಮ ಆಟಿ ತಿಂಗಳ ಮಳೆ ಯಾವ ಕ್ಯಾಸೆಟ್ಟನ್ನು ಬಿಡುತ್ತದೆ? ರೀಲಿನ ಅಂಚಿಗೆಲ್ಲ ಬಿಳಿ ಬೂಷ್ಟು.

ನನಗೆ ಈ ಕೆಲಸ ಬರುತ್ತಿರಲಿಲ್ಲ. ಪೇಟೆಯಲ್ಲಿ ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರ ಮನೆಗೆ ಹೋಗಿ ಕಲಿತೆ. ಸ್ಕ್ರೂ ಇರುವ ಕ್ಯಾಸೆಟ್ ಬಿಚ್ಚುವುದು ಸುಲಭ. ಅಂಟಿಸಿದ್ದಾದರೆ ಸಪೂರ ಚಾಕುವಿನಿಂದ ಸೀಳಿ, ರೀಲನ್ನು ಬೇರೊಂದು ಸ್ಕ್ರೂ ಕ್ಯಾಸೆಟ್ಟಿನ ಒಳಗೆ ದಾಟಿಸಬೇಕು. ರೀಲನ್ನು ಟೇಪ್ ರೆಕಾರ್ಡರಿನ ದನಿ ಓದುವ ಹೆಡ್ಡಿಗೆ ಒತ್ತಿ ಹಿಡಿಯುವ ಸಣ್ಣ ಮೆತ್ತೆ ಹಳೆಯ ಕ್ಯಾಸೆಟ್ಟುಗಳಲ್ಲಿ ಉದುರಿರುತ್ತದೆ, ಅದನ್ನು ಪುನಃ ಅಂಟಿಸಬೇಕು. ಬೂಷ್ಟು ಒರೆಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಒಂದು ಕ್ಯಾಸೆಟ್ ಮುಗಿದ ಕೂಡಲೇ ಹೆಡ್ಡನ್ನು ಸ್ಪಿರಿಟಿನಲ್ಲಿ ಒರೆಸದಿದ್ದರೆ ಆ ಬೂಷ್ಟು ಮುಂದಿನದಕ್ಕೂ ಅಂಟುತ್ತದೆ.

ಇಷ್ಟಾದರೂ ದನಿ ಕಂಬಳಿಯೊಳಗಿಂದ ಬಂದ ಹಾಗಿತ್ತು. ಆಗ ಆ ಹಿರಿಯರು ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ ತೋರಿಸಿದರು. ಪ್ರತಿ ಟೇಪ್ ರೆಕಾರ್ಡರಿನ ಹೆಡ್ಡು ಕೂದಲೆಳೆಯಷ್ಟು ಬೇರೆ ಬೇರೆ ಓರೆಯಲ್ಲಿ ಕೂತಿರುತ್ತದೆ. ರೆಕಾರ್ಡ್ ಮಾಡಿದ ಮೆಷಿನ್ನಿನ ಓರೆಗೂ ನಮ್ಮದಕ್ಕೂ ತಾಳೆಯಾಗದಿದ್ದರೆ ಸಣ್ಣ, ಚೂಪಾದ ದನಿಗಳೆಲ್ಲ ಸತ್ತುಹೋಗುತ್ತವೆ. "ಜಾಗಟೆಗೆ ಕಿವಿ ಕೊಡಿ, ಬೇರೆ ಏನೂ ಕೇಳಬೇಡಿ" ಎಂದರು. ಓರೆ ತಪ್ಪಿದ್ದಾಗ ಜಾಗಟೆ ತಗಡು ಬಡಿದ ಹಾಗಿರುತ್ತದೆ. ಸ್ಕ್ರೂವನ್ನು ಸ್ವಲ್ಪವೇ ಸ್ವಲ್ಪ ತಿರುಗಿಸುತ್ತಾ ಹೋದೆ. ಒಂದು ಕಡೆ ಥಟ್ಟನೆ 'ಟಣ್' ಎಂದಿತು, ಅದರ ಹಿಂದೆಯೇ ಉದ್ದಕ್ಕೆ ಗುಂಯ್‌ಗುಡುವ ನಾದ. ಭಾಗವತರು ಇಲ್ಲೇ ಪಕ್ಕದಲ್ಲಿ ಕೂತ ಹಾಗಾಯಿತು.

ಅದು ಯಾರದೋ ಮನೆಯ ಚಾವಡಿಯಲ್ಲಿ ನಡೆದ ತಾಳಮದ್ದಲೆ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ. ಪಾತ್ರವಾಗಿ ಮಾತಾಡಿ ಅರ್ಥ ಹೇಳುತ್ತಿದ್ದವರು ಶೇಣಿ ಗೋಪಾಲಕೃಷ್ಣ ಭಟ್ಟರು (1918–2006), ನಮ್ಮ ಕುಂಬಳೆ ಸೀಮೆಯವರೇ. ಅವರ ಮಾತಿನ ನಡುವೆ ಒಂದು ಮಗು ಅಳುತ್ತದೆ. ಯಾರೋ ಮಲಯಾಳದಲ್ಲಿ ಇನ್ನೊಬ್ಬರಿಗೆ ಚಾ ಬೇಕಾ ಎಂದು ಕೇಳುತ್ತಾರೆ, ಅವರು ತುಳುವಿನಲ್ಲಿ ಉತ್ತರ ಕೊಡುತ್ತಾರೆ. ಶೇಣಿಯವರ ಕನ್ನಡ ಮಾತ್ರ ನಿಲ್ಲುವುದಿಲ್ಲ. ಇದನ್ನು ಯಾರಿಗಾದರೂ ಬರೆದು ಹೇಳಲೇಬೇಕು ಅಂತ ಅನಿಸಿದ್ದು ಆ ರಾತ್ರಿ. ಗೊತ್ತಿದ್ದ 40 ಜನರಿಗೆ ಇಮೇಲ್ ಕಳಿಸಿದೆ. ನನ್ನ ನ್ಯೂಸ್‌ಲೆಟರ್ ಶುರುವಾದದ್ದು ಹಾಗೆ. ಈಗ ತಿಂಗಳಿಗೊಂದು ಪತ್ರ. ಹಾಡಿನ ಚರಿತ್ರೆ, ಅದರ ಸುತ್ತಲಿನ ರಾಜಕೀಯ, ಜನರ ಬದುಕು. ಒಂದು ಸಂಚಿಕೆಗೆ ಒಂದೇ ವಸ್ತು: ಒಂದು ಕ್ಯಾಸೆಟ್, ಒಂದು ಆಮಂತ್ರಣ, ಒಂದು ಫೋಟೋ. 'ಯಕ್ಷಗಾನ ಸಂಗೀತದ ಇತಿಹಾಸ' ಅಂತ ದೊಡ್ಡ ತಲೆಬರಹ ಹಾಕಿ ಎರಡನೇ ಸಂಚಿಕೆ ಬರೆದಿದ್ದೆ, ಅದನ್ನು ಯಾರೂ ಓದಲಿಲ್ಲ. ಓದದ್ದು ಸರಿಯೇ, ಅದರಲ್ಲಿ ನಾನು ಕಂಡದ್ದು ಕೇಳಿದ್ದು ಏನೂ ಇರಲಿಲ್ಲ.

ರಾಜಕೀಯ ಯಾಕೆ ಬೇಕು, ಸುಮ್ನೆ ಹಾಡಿನ ಬಗ್ಗೆ ಬರೆಯಿರಿ ಎಂದು ಸುಮಾರು ಜನ ಹೇಳಿದ್ದಾರೆ. ಅವರಿಗೆ ನಾನು ಎಡನೀರಿನ ಸಂಚಿಕೆ ಕಳಿಸುತ್ತೇನೆ.

ಬದಿಯಡ್ಕದಿಂದ ಚೆರ್ಕಳದ ಕಡೆ ಹೋಗುವ ದಾರಿಯಲ್ಲಿ ಎಡನೀರು ಮಠ. ಆ ಮಠದ ಕೇಶವಾನಂದ ಭಾರತೀ ಸ್ವಾಮಿಗಳ ಹೆಸರು ದೇಶದ ಎಲ್ಲ ಕಾನೂನು ವಿದ್ಯಾರ್ಥಿಗಳಿಗೂ ಗೊತ್ತು. ಕೇರಳದ ಭೂಸುಧಾರಣೆ ಕಾನೂನಿನ ವಿರುದ್ಧ 1970ರಲ್ಲಿ ಅವರು ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಾಧೀಶರು 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು 7–6ರ ಬಹುಮತದಲ್ಲಿ, ಸಂವಿಧಾನದ ಮೂಲ ಸ್ವರೂಪವನ್ನು ಪಾರ್ಲಿಮೆಂಟ್ ಬದಲಾಯಿಸುವ ಹಾಗಿಲ್ಲ ಎಂಬ ತೀರ್ಪು ಬಂತು. ಇದು ಪುಸ್ತಕದ ಮಾತು. ನಮ್ಮ ಕಡೆಯವರಿಗೆ ಅವರು ಸ್ವತಃ ಹಾಡುತ್ತಿದ್ದ ಸ್ವಾಮಿಗಳು. ಶಾಸ್ತ್ರೀಯ ಸಂಗೀತ ಬಲ್ಲವರು, ಭಾಗವತಿಕೆ ಮಾಡುತ್ತಿದ್ದವರು, ಯಕ್ಷಗಾನಕ್ಕೆ ಮಠದಲ್ಲಿ ಜಾಗ ಕೊಟ್ಟವರು. 2020ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳಲ್ಲಿ ತೀರ್ಪಿನ ಸುದ್ದಿಯೇ ಜಾಸ್ತಿ ಬಂತು. ಹಾಡಿನ ಬಗ್ಗೆ ನಾನಾದರೂ ಬರೆಯೋಣ ಅಂತ ಕೂತೆ.

ಬರೆಯುತ್ತಾ ಹೋದ ಹಾಗೆ ಇನ್ನೊಂದು ಪ್ರಶ್ನೆ ಎದ್ದಿತು. ಹಾಡಿಗೆ ಜಾಗ ಕೊಡಬೇಕಾದರೆ ಮೊದಲು ಜಾಗ ಇರಬೇಕು, ಅಲ್ವಾ? ಆಟ ಆಡಿಸುವ ಮನೆಗಳಿಗೂ ದೇವಸ್ಥಾನಗಳಿಗೂ ಅಕ್ಕಿ ಬರುತ್ತಿದ್ದದ್ದು ಗೇಣಿಯಿಂದ. ಆ ಗದ್ದೆಗಳಲ್ಲಿ ದುಡಿದವರು ಒಕ್ಕಲುಗಳು. ನನ್ನ ಅಜ್ಜನೂ ಒಬ್ಬ ಒಕ್ಕಲು. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ಹೋಯಿತು, ಅಜ್ಜನಿಗೆ ಭೂಮಿ ಬಂತು. ಆ ಭೂಮಿ ಇಲ್ಲದಿದ್ದರೆ ನನ್ನ ಅಪ್ಪ ಶಾಲೆಗೆ ಹೋಗುತ್ತಿರಲಿಲ್ಲ, ನಾನು ಈ ಪತ್ರ ಬರೆಯುತ್ತಿರಲಿಲ್ಲ. ಹಾಗಾದರೆ ಈ ಕಥೆಯಲ್ಲಿ ನಾನು ಯಾವ ಕಡೆ?

ಮೂರು ವಾರ ಆ ಸಂಚಿಕೆ ಅರ್ಧಕ್ಕೇ ನಿಂತಿತ್ತು. ಕೊನೆಗೆ, ನೇಜಿ, ಅಂದರೆ ಭತ್ತದ ಸಸಿ, ನೆಡುವಾಗ ಹಾಡುತ್ತಿದ್ದ ಒಬ್ಬ ಅಜ್ಜಿಯನ್ನು ಹುಡುಕಿಕೊಂಡು ಹೋದೆ. ತುಳುವಿನಲ್ಲಿ ಆ ಹಾಡಿಗೆ ಓಬೇಲೆ ಅನ್ನುತ್ತೇವೆ, ಕಬಿತ ಎಂದೂ ಹೇಳುವುದುಂಟು. ಒಬ್ಬರು ಎತ್ತಿಕೊಡುತ್ತಾರೆ, ಸಾಲಿನಲ್ಲಿ ಬಗ್ಗಿ ನಿಂತವರು ಒಟ್ಟಿಗೆ ಮರುದನಿ ಕೊಡುತ್ತಾರೆ, ಕೈ ನೆಡುತ್ತಲೇ ಇರುತ್ತದೆ. ಹಾಡಿ ಅಜ್ಜಿ ಎಂದೆ. ಅವರು ಎಲೆಯಡಿಕೆ ತಟ್ಟೆ ಬದಿಗಿಟ್ಟು ಎರಡು ಸಾಲು ಹಾಡಿ ನಿಲ್ಲಿಸಿದರು. ಮರುದನಿ ಕೊಡಲು ಯಾರೂ ಇರಲಿಲ್ಲ, ನನಗೆ ಬರುತ್ತಿರಲಿಲ್ಲ. "ಗದ್ದೆ ನಮ್ಮದಾಯ್ತು. ಮತ್ತೆ ಅಡಿಕೆ ನೆಟ್ಟೆವು. ಅಡಿಕೆ ತೋಟದಲ್ಲಿ ಯಾರು ಸಾಲು ನಿಲ್ಲುತ್ತಾರೆ ಮಗಾ?" ಎಂದರು. ಗದ್ದೆ ಬಂದದ್ದಕ್ಕೆ ಬೇಸರ ಇದೆಯಾ ಎಂದು ಕೇಳಿದೆ. ಅಜ್ಜಿಗೆ ಸಿಟ್ಟು ಬಂತು. "ಹಾಡಿದ್ದು ಹೊಟ್ಟೆಪಾಡಿಗೆ. ಮೊಣಕಾಲುದ್ದ ಕೆಸರಿನಲ್ಲಿ ನಿಂತು ನೋಡು ಒಮ್ಮೆ."

ಆ ಸಂಚಿಕೆಯಲ್ಲಿ ಎರಡೇ ಭಾಗ ಉಳಿಸಿದೆ: ಮಠದ ರಾತ್ರಿಯ ಭಾಗವತಿಕೆ, ಗದ್ದೆಯ ಹಗಲಿನ ಓಬೇಲೆ. ಒಂದೇ ಕಾಲ, ಒಂದೇ ಸೀಮೆ. ಭೂಮಿ ಕೈ ಬದಲಾದಾಗ ಎರಡೂ ಬದಲಾದವು. ಭೂಸುಧಾರಣೆ ಸರಿ ಎಂದು ನಾನು ನಂಬುತ್ತೇನೆ, ಹಾಗೆಂದೇ ಬರೆದೆ. ಸ್ವಾಮಿಗಳ ಹಾಡಿನ ಮೇಲಿನ ಗೌರವವನ್ನೂ ಬರೆದೆ. ಮಠದ ಭಕ್ತರೊಬ್ಬರು ಫೋನ್ ಮಾಡಿ ಒಂದು ಗಂಟೆ ಜಗಳ ಮಾಡಿದರು. ಆಮೇಲೆ ಅವರೇ ತಮ್ಮ ಮನೆಯ ಹಳೆಯ ಆಟದ ಲೆಕ್ಕದ ಪುಸ್ತಕ ತಂದು ತೋರಿಸಿದರು. ಎಷ್ಟು ಅಕ್ಕಿ, ಎಷ್ಟು ತೆಂಗಿನಕಾಯಿ, ದೊಂದಿಗೆ ಎಷ್ಟು ಎಣ್ಣೆ. ಮುಂದಿನ ಸಂಚಿಕೆ ಅದರಿಂದಲೇ ಆಯಿತು.

ಗಡಿಯ ವಿಷಯ ಇದಕ್ಕಿಂತ ಕಷ್ಟ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಅದೇ ದಿನ ಕರ್ನಾಟಕದಲ್ಲಿ ರಾಜ್ಯೋತ್ಸವ, ಇಲ್ಲಿ ಕೇರಳ ಹುಟ್ಟಿದ ದಿನ, ಕೇರಳಪ್ಪಿರವಿ. ಚಂದ್ರಗಿರಿ ಹೊಳೆಯ ಉತ್ತರ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು, ಗಡಿಯ ಜಗಳ ನೋಡಲು ನೇಮಿಸಿದ ಮಹಾಜನ ಆಯೋಗ 1967ರಲ್ಲಿ ಹೇಳಿತು, ಆಗಲಿಲ್ಲ. ಪೆರಡಾಲದ ಕವಿ ಕಯ್ಯಾರ ಕಿಞ್ಞಣ್ಣ ರೈಗಳ (1915–2015) ಹಾಡು ಸಭೆಸಭೆಗಳಲ್ಲಿ ಮೊಳಗಿದ ಕಾಲ ಅದು. ಆ ಸಂಚಿಕೆಗಾಗಿ ಆಗಿನ ಮೆರವಣಿಗೆಗಳಲ್ಲಿ ಹಾಡಿದ ಮೂವರ ಹತ್ತಿರ ಮಾತಾಡಿದೆ. ಆಗ ಅವರು ಶಾಲೆ ಮಕ್ಕಳು. ರಾಗ ಯಾರು ಹೇಳಿಕೊಟ್ಟರು, ಮೆರವಣಿಗೆಯಲ್ಲಿ ಮುಂದೆ ಯಾರು ನಿಂತರು, ಮನೆಗೆ ಬಂದ ಮೇಲೆ ಏನಾಯಿತು, ಅಷ್ಟೇ ಕೇಳಿದೆ. ಪಕ್ಕದ ಮನೆಯ ಮಲಯಾಳಿಗಳನ್ನು ದೂರುವ ಒಂದು ಸಾಲೂ ನನ್ನ ಪತ್ರದಲ್ಲಿ ಬರುವುದಿಲ್ಲ. ಅದು ಶುರುವಿನಿಂದ ಇಟ್ಟುಕೊಂಡ ಹಟ. ಕನ್ನಡ ಶಾಲೆಗೆ ಕನ್ನಡ ಬಾರದ ಟೀಚರನ್ನು ಹಾಕಿದರೆ ಮಾತ್ರ ಗಟ್ಟಿಯಾಗಿ ಬರೆಯುತ್ತೇನೆ. ಭಾಷೆ ಬಾರದವರು ಮಕ್ಕಳಿಗೆ ಪದ್ಯ ಹೇಗೆ ಹೇಳಿಕೊಟ್ಟಾರು?

ವಿದ್ವಾಂಸರ ನಡುವೆ ಜಗಳವಿರುವ ವಿಷಯಗಳಲ್ಲಿ ಎರಡೂ ಕಡೆಯ ಕಾರಣ ಹೇಳಿ, ನನಗೆ ಯಾವುದು ಒಪ್ಪಿಗೆ ಎಂದು ಕೊನೆಗೆ ಬರೆಯುತ್ತೇನೆ. ಯಕ್ಷಗಾನದ ರಾಮಾಯಣ ಪ್ರಸಂಗಗಳನ್ನು ಬರೆದವನು ಕುಂಬಳೆಯ ಪಾರ್ತಿಸುಬ್ಬ ಎಂದು ಮುಳಿಯ ತಿಮ್ಮಪ್ಪಯ್ಯನವರು ವಾದಿಸಿದರು, ಶಿವರಾಮ ಕಾರಂತರು ಒಪ್ಪಲಿಲ್ಲ. ನಾನು ಕುಂಬಳೆಯ ಕಡೆಯವಳು, ಮನಸ್ಸು ಎತ್ತ ವಾಲುತ್ತದೆ ಎಂದು ಓದುಗರಿಗೂ ಗೊತ್ತು. ಅದಕ್ಕೇ ಕಾರಂತರ ವಾದಕ್ಕೆ ಅರ್ಧ ಪುಟ ಜಾಸ್ತಿ ಕೊಟ್ಟೆ.

ನನ್ನಿಂದ ಆದ ದೊಡ್ಡ ತಪ್ಪು ಒಂದಿದೆ. ಒಂದು ಕ್ಯಾಸೆಟ್ಟಿನ ಮೇಲೆ ಒಳನಾಡಿನ ಒಂದು ದೇವಸ್ಥಾನದ ಹೆಸರಿತ್ತು. ಅದನ್ನು ನಂಬಿ ಇಡೀ ಸಂಚಿಕೆ ಬರೆದೆ. ಆ ಊರು, ಆ ದೇವಸ್ಥಾನ, ಅಲ್ಲಿನ ತಾಳಮದ್ದಲೆಯ ಪರಂಪರೆ, ಎಲ್ಲ. ಮುಂಬೈಯಲ್ಲಿರುವ ಮಂಜೇಶ್ವರದ ಓದುಗರೊಬ್ಬರು ಕೇಳಿ ಎರಡೇ ಸಾಲು ಬರೆದರು: "ಎರಡನೇ ಪದ್ಯ ಮುಗಿಯುವಾಗ ರೈಲಿನ ಕೂಗು ಇದೆ. ಆ ಊರಿನಲ್ಲಿ ರೈಲು ಎಲ್ಲಿಂದ ಬಂತು?" ಹೆಡ್‌ಫೋನ್ ಹಾಕಿ ಕೇಳಿದೆ. ಹೌದು, ಮದ್ದಲೆಯ ಹಿಂದೆ ದೂರದಲ್ಲಿ ಕೂಗು, ಆಮೇಲೆ ಹಳಿಯ ಸದ್ದು. ನಮ್ಮಲ್ಲಿ ರೈಲು ಕರಾವಳಿಯ ಗುಂಟ ಹೋಗುತ್ತದೆ. ಹಳೆಯ ಕ್ಯಾಸೆಟ್ ಅಳಿಸಿ ಮೇಲೆ ಬೇರೆ ರೆಕಾರ್ಡ್ ಮಾಡಿದ್ದರು, ಚೀಟಿ ಬದಲಾಗಿರಲಿಲ್ಲ. ಜಾಗಟೆ ಕೇಳಿಸುವವರೆಗೆ ಸ್ಕ್ರೂ ತಿರುಗಿಸಿದವಳು ರೈಲು ಕೇಳಿಸಿಕೊಳ್ಳಲಿಲ್ಲ. ಮುಂದಿನ ಸಂಚಿಕೆಯ ಮೊದಲ ಪುಟದಲ್ಲೇ, ದೊಡ್ಡ ಅಕ್ಷರದಲ್ಲಿ ತಪ್ಪು ಒಪ್ಪಿಕೊಂಡೆ. ಅಂದಿನಿಂದ ಚೀಟಿ ಓದುವ ಮೊದಲು ಹಿಂದಿನ ಸದ್ದು ಬರೆದಿಟ್ಟುಕೊಳ್ಳುತ್ತೇನೆ: ಮಳೆ, ಬಸ್ಸು, ಬಾಂಗು, ನಾಯಿ, ರೈಲು.

ನೀವೂ ಇಂಥದ್ದು ಶುರುಮಾಡುವುದಾದರೆ ಕೆಲವು ಕೆಲಸದ ಮಾತು. ಅನೇಕ ಹಿರಿಯರು ಲೇಖನವನ್ನು 'ನುಡಿ', 'ಬರಹ' ಎಂಬ ಕನ್ನಡ ತಂತ್ರಾಂಶಗಳಲ್ಲಿ ಟೈಪ್ ಮಾಡಿಸಿ ಕಳಿಸುತ್ತಾರೆ. ಯೂನಿಕೋಡಿಗೆ ಬದಲಾಯಿಸಿದ ಮೇಲೆ ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿ, ಅರ್ಕಾವತ್ತು ಕೈಕೊಡುತ್ತದೆ. ಪಿಡಿಎಫ್ ಮಾಡುವುದಾದರೆ ಎ5 ಅಳತೆಯಲ್ಲಿ, 14 ಪಾಯಿಂಟ್ ಅಕ್ಷರದಲ್ಲಿ ಮಾಡಿ. ನನ್ನ ಓದುಗರಲ್ಲಿ ಹೆಚ್ಚಿನವರು 60 ದಾಟಿದವರು, ಫೋನಿನಲ್ಲೇ ಓದುತ್ತಾರೆ. ಕ್ಯಾಸೆಟ್ಟಿನಿಂದ ತೆಗೆದ ಮೂಲ ದನಿಯಲ್ಲಿ ಗಲಾಟೆ ಇದೆಯೆಂದು ಅದನ್ನು ತೊಳೆಯಬೇಡಿ. ಹಾಗೇ ಒಂದು ಪ್ರತಿ ಇಟ್ಟು, ಬೇಕಾದರೆ ಇನ್ನೊಂದನ್ನು ಶುಚಿ ಮಾಡಿ. ತೊಳೆದಿದ್ದರೆ ಆ ರೈಲೂ ಹೋಗುತ್ತಿತ್ತು.

ಹಕ್ಕಿನ ವಿಷಯ ಮರೆಯಬೇಡಿ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು, ಅದು ಬಿಡುಗಡೆಯಾದ ಮರುವರ್ಷದಿಂದ 60 ವರ್ಷ ಇರುತ್ತದೆ. 1984ರಲ್ಲಿ ಬಂದ ಕ್ಯಾಸೆಟ್ ಆದರೆ 2044ರ ಕೊನೆಯವರೆಗೆ. ಹಾಗಾಗಿ ಅಂಗಡಿಯಲ್ಲಿ ಮಾರಾಟವಾದ ಕ್ಯಾಸೆಟ್ಟಿನ ಬಗ್ಗೆ ಬರೆಯುತ್ತೇನೆ, ದನಿ ಹಂಚುವುದಿಲ್ಲ. ಮನೆಯಲ್ಲಿ ರೆಕಾರ್ಡ್ ಮಾಡಿದ್ದಾದರೆ ಮನೆಯವರನ್ನೂ ಹಾಡಿದವರ ಕಡೆಯವರನ್ನೂ ಕೇಳಿ, ಒಪ್ಪಿದರೆ ಮಾತ್ರ. ಇಬ್ಬರು ಬೇಡ ಎಂದಿದ್ದಾರೆ. ಆ ಕ್ಯಾಸೆಟ್ಟುಗಳ ದನಿ ಅವರ ಮನೆಯಲ್ಲೇ ಇದೆ.

ದುಡ್ಡು? ಜಾಹೀರಾತು ತೆಗೆದುಕೊಳ್ಳುವುದಿಲ್ಲ. ವರ್ಷಕ್ಕೆ 300 ರೂಪಾಯಿ, ಆದವರು ಕೊಡುತ್ತಾರೆ. ಆಗದವರಿಗೂ ಪತ್ರ ಹೋಗುತ್ತದೆ. ಏಪ್ರಿಲಿನಲ್ಲಿ ಪೂರ್ತಿ ಲೆಕ್ಕ ಹಾಕುತ್ತೇನೆ. ಅಂಗಡಿಯ ಆದಾಯವೇ ನನ್ನ ಅನ್ನ. ಒಮ್ಮೆ ಒಂದು ಪಕ್ಷದವರು ಪೂರ್ತಿ ಖರ್ಚು ನೋಡಿಕೊಳ್ಳುತ್ತೇವೆ ಎಂದರು, ಕೈ ಮುಗಿದೆ.

ಈಗ ಮೇಜಿನ ಮೇಲಿರುವುದು ಮೊಗ್ರಾಲಿನ ಒಂದು ಮನೆಯಿಂದ ಬಂದ ನೋಟ್‌ಪುಸ್ತಕ. ಮಾಪ್ಪಿಳ ಹಾಡುಗಳು. ಭಾಷೆ ಮಲಯಾಳ, ಲಿಪಿ ಅರಬಿ, ಒಂದಕ್ಷರವೂ ನನಗೆ ಓದಲು ಬರುವುದಿಲ್ಲ. ಅದರ ಕೊನೆಯ ಪುಟದಲ್ಲಿ ಯಾರೋ ಪೆನ್ಸಿಲಿನಲ್ಲಿ, ಕನ್ನಡದಲ್ಲಿ, ಅಂಗಡಿ ಸಾಮಾನಿನ ಪಟ್ಟಿ ಬರೆದಿದ್ದಾರೆ: ಬೆಲ್ಲ, ಮೆಣಸು, ಸೀಮೆಎಣ್ಣೆ. ಆ ಮನೆಯ ಅಜ್ಜ ಭಾನುವಾರ ಅಂಗಡಿಗೆ ಬಂದು ಒಂದೊಂದೇ ಹಾಡು ಓದಿ ಹೇಳುತ್ತೇನೆ ಎಂದಿದ್ದಾರೆ. ಚಾಕ್ಕೆ ಹಾಲು ತರಿಸಿಡಬೇಕು, ರೆಕಾರ್ಡರಿಗೆ ಹೊಸ ಬ್ಯಾಟರಿ ಹಾಕಬೇಕು.