ಗೇಮ್ ಶುರುವಾದ ಹತ್ತೇ ನಿಮಿಷಕ್ಕೆ ಲ್ಯಾಪ್‌ಟಾಪ್ ಸುಸ್ತಾಗುತ್ತಿದೆಯೇ?

ಮೊದಲ ಹತ್ತು ನಿಮಿಷ ಗೇಮ್ ಚೆನ್ನಾಗಿಯೇ ಓಡುತ್ತದೆ. ಆಮೇಲೆ ಫ್ಯಾನ್ ಜೋರಾಗಿ ಕೂಗಲು ಶುರು. ಅದರ ಹಿಂದೆಯೇ ಚಿತ್ರ ತಡವರಿಸುತ್ತದೆ. 60 ಇದ್ದ ಎಫ್‌ಪಿಎಸ್ (ಸೆಕೆಂಡಿಗೆ ಪರದೆಗಾಗಿ ತಯಾರಾಗುವ ಚಿತ್ರ, ಅಂದರೆ ಫ್ರೇಮ್‌ಗಳ ಸಂಖ್ಯೆ) 25ಕ್ಕೆ ಬೀಳುತ್ತದೆ, ಸ್ವಲ್ಪ ಹೊತ್ತಿಗೆ ಏರುತ್ತದೆ, ಮತ್ತೆ ಬೀಳುತ್ತದೆ. ಆಗ ಹೆಚ್ಚಿನವರು ಗ್ರಾಫಿಕ್ಸ್ ಸೆಟ್ಟಿಂಗ್ ಎಲ್ಲವನ್ನೂ 'ಲೋ'ಗೆ ಇಳಿಸುತ್ತಾರೆ. ಇದರಿಂದ ಕೆಲವೊಮ್ಮೆ ತೊಂದರೆ ಜಾಸ್ತಿಯೇ ಆಗುತ್ತದೆ. ಗ್ರಾಫಿಕ್ಸ್ ಚಿಪ್‌ಗೆ ಕೆಲಸ ಕಡಿಮೆಯಾದರೆ ಅದು ಇನ್ನಷ್ಟು ಫ್ರೇಮ್ ಕೇಳುತ್ತದೆ. ಅಷ್ಟನ್ನೂ ಒದಗಿಸಬೇಕಾದದ್ದು ಪ್ರೊಸೆಸರ್. ಮೊದಲೇ ಏದುಸಿರು ಬಿಡುತ್ತಿದ್ದ ಪ್ರೊಸೆಸರ್!

ಇಲ್ಲಿ ನಡೆಯುತ್ತಿರುವುದಕ್ಕೆ ಥ್ರಾಟ್ಲಿಂಗ್ ಅನ್ನುತ್ತಾರೆ. ಅಂದರೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುವುದು. ಅದು ಕೆಟ್ಟಿಲ್ಲ, ತನ್ನನ್ನು ಕಾಪಾಡಿಕೊಳ್ಳುತ್ತಿದೆ ಅಷ್ಟೆ. ಯಾವುದರಿಂದ ಕಾಪಾಡಿಕೊಳ್ಳುತ್ತಿದೆ ಅನ್ನುವುದನ್ನು ಮೊದಲು ಪತ್ತೆ ಮಾಡಬೇಕು. ಅದು ಗೊತ್ತಾಗುವ ತನಕ ಸ್ಕ್ರೂಡ್ರೈವರ್ ಮುಟ್ಟಬೇಡಿ, ವಿಂಡೋಸ್ ಅಳಿಸಿ ಹೊಸದಾಗಿ ಹಾಕಲೂ ಹೋಗಬೇಡಿ.

ಮೊದಲು ಅಳೆಯಿರಿ

ಎಚ್‌ಡಬ್ಲ್ಯುಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ತೆರೆಯುವಾಗ 'ಸೆನ್ಸರ್ಸ್ ಓನ್ಲಿ' ಆಯ್ಕೆ ಮಾಡಿದರೆ ಬೇಕಾದದ್ದು ಮಾತ್ರ ಕಾಣುತ್ತದೆ. ಚಾರ್ಜರ್ ಚುಚ್ಚಿ, ಗೇಮ್ ಶುರು ಮಾಡಿ, 20 ನಿಮಿಷ ಆಡಿ. ಎರಡೇ ನಿಮಿಷ ಆಡಿ ನಿಲ್ಲಿಸಿದರೆ ಏನೂ ತಿಳಿಯುವುದಿಲ್ಲ, ಲ್ಯಾಪ್‌ಟಾಪ್ ಬಿಸಿಯಾಗಲು ಹೊತ್ತು ಬೇಕಲ್ವಾ? ಆಮೇಲೆ ಮೂರು ಸಾಲು ನೋಡಿ: ಕೋರ್‌ಗಳ (ಪ್ರೊಸೆಸರ್ ಒಳಗೆ ಲೆಕ್ಕ ಮಾಡುವ ಭಾಗಗಳ) ವೇಗ, ಪ್ರೊಸೆಸರ್‌ನ ಉಷ್ಣತೆ, ಅದು ಬಳಸಿದ ವ್ಯಾಟ್. ಇಂಟೆಲ್ ಚಿಪ್ ಆಗಿದ್ದರೆ 'ಥರ್ಮಲ್ ಥ್ರಾಟ್ಲಿಂಗ್', 'ಪವರ್ ಲಿಮಿಟ್ ಎಕ್ಸೀಡೆಡ್' ಎಂಬ ಸಾಲುಗಳಲ್ಲಿ 'ಎಸ್' ಅಥವಾ 'ನೋ' ಎಂದೂ ಬರೆದಿರುತ್ತದೆ.

ಉಷ್ಣತೆ 95–100 ಡಿಗ್ರಿ ಮುಟ್ಟಿ, ಅದರ ಜೊತೆಗೇ ವೇಗ ಬಿದ್ದಿದ್ದರೆ ಬಿಸಿಯೇ ಕಾರಣ. ಉಷ್ಣತೆ 70–75ರಲ್ಲೇ ಇದ್ದು, ವ್ಯಾಟ್ ಮಾತ್ರ ಇದ್ದಕ್ಕಿದ್ದಂತೆ ಇಳಿದಿದ್ದರೆ ವಿದ್ಯುತ್ ಮಿತಿ ಕಾರಣ. ಇನ್ನು ಯಂತ್ರ ತಣ್ಣಗಿದ್ದರೂ ವೇಗ 400 ಅಥವಾ 800 ಮೆಗಾಹರ್ಟ್ಜ್‌ನಲ್ಲಿ ಅಂಟಿಕೊಂಡು ಅಲ್ಲಾಡದಿದ್ದರೆ, ನೇರವಾಗಿ ಚಾರ್ಜರ್ ಕಡೆ ನೋಡಿ.

ಚಾರ್ಜರ್ ಎಂಬ ಕಳ್ಳ

ಇದನ್ನು ನಾನು ಕಷ್ಟಪಟ್ಟು ಕಲಿತೆ. ನನ್ನ ಹಳೆಯ ಲ್ಯಾಪ್‌ಟಾಪ್ ಒಮ್ಮೆ ಹೀಗೇ ಮಂಕಾಯಿತು. ಬಿಚ್ಚಿ ಧೂಳು ತೆಗೆದೆ, ಚಿಪ್ಪಿನ ಬಿಸಿಯನ್ನು ಹೊರಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಬದಲಿಸಿದೆ, ಎರಡು ವಾರ ಹೋಯಿತು. ಕೊನೆಗೆ ನೋಡಿದರೆ ಚಾರ್ಜರ್ ಪಿನ್ನಿನ ನಡುವಿನ ಸಣ್ಣ ಕಡ್ಡಿ ಬಾಗಿತ್ತು. ಕೆಲವು ಮಾಡೆಲ್‌ಗಳಲ್ಲಿ ಚಾರ್ಜರ್ ಎಷ್ಟು ವ್ಯಾಟ್‌ನದು ಎಂದು ಲ್ಯಾಪ್‌ಟಾಪ್‌ಗೆ ತಿಳಿಯುವುದೇ ಆ ಕಡ್ಡಿಯಿಂದ. ಗುರುತು ಸಿಗದಿದ್ದರೆ ಯಂತ್ರ ಹೆದರಿ, ಪ್ರೊಸೆಸರನ್ನು ಕನಿಷ್ಠ ವೇಗಕ್ಕೆ ತಳ್ಳುತ್ತದೆ.

ಚಾರ್ಜರ್ ಮೇಲಿನ ಚೀಟಿ ಓದಿ. ಔಟ್‌ಪುಟ್ ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆ. 20 ವೋಲ್ಟ್, 3.25 ಆಂಪಿಯರ್ ಅಂದರೆ 65 ವ್ಯಾಟ್. ಲ್ಯಾಪ್‌ಟಾಪ್ ಜೊತೆಗೆ ಬಂದಿದ್ದು 180 ವ್ಯಾಟ್‌ನದಾಗಿದ್ದರೆ, ಅದರ ಬದಲು ಚುಚ್ಚಿದ ಇಂಥ 65 ವ್ಯಾಟ್‌ನ ಟೈಪ್-ಸಿ ಚಾರ್ಜರ್ ಬ್ರೌಸರ್‌ಗೆ ಸಾಕು, ಗೇಮ್‌ಗೆ ಸಾಲದು. ಬರೀ ಬ್ಯಾಟರಿ ಮೇಲೆ ಆಡಿದರೂ ಇದೇ ಕಥೆ.

ಥ್ರಾಟಲ್‌ಸ್ಟಾಪ್ ಎಂಬ ಸಾಫ್ಟ್‌ವೇರ್‌ನಲ್ಲಿ 'ಬಿ.ಡಿ. ಪ್ರಾಕ್‌ಹಾಟ್' (BD PROCHOT) ಎಂಬ ಟಿಕ್ ತೆಗೆದರೆ ವೇಗ ತಟ್ಟನೆ ವಾಪಸ್ ಬರುತ್ತದೆ ಎಂದು ಕೆಲವರು ಹೇಳುತ್ತಾರೆ. ಬರಬಹುದು. ಆದರೆ ಆ ಟಿಕ್ ಅಂದರೆ ಮದರ್‌ಬೋರ್ಡ್‌ನ ಬೇರೆ ಭಾಗಗಳು ಪ್ರೊಸೆಸರ್‌ಗೆ 'ನಿಧಾನ ಮಾಡು' ಎಂದು ಕೂಗುವ ದಾರಿ. ಅದನ್ನು ಮುಚ್ಚಿದರೆ ಕೂಗು ಕೇಳಿಸುವುದಿಲ್ಲ ಅಷ್ಟೆ, ತೊಂದರೆ ಅಲ್ಲೇ ಇರುತ್ತದೆ. ಕಾರಣ ಪತ್ತೆಗೆ ಒಂದು ಸಲ ತೆಗೆದು ನೋಡಿ, ಹಾಗೇ ಬಿಡಬೇಡಿ.

ವಿದ್ಯುತ್ ಮಿತಿ

ಇಂಟೆಲ್ ಪ್ರೊಸೆಸರ್‌ಗೆ ಎರಡು ಮಿತಿ ಇಟ್ಟಿರುತ್ತಾರೆ. ಸ್ವಲ್ಪ ಹೊತ್ತು ಜೋರಾಗಿ ಓಡಲು ಒಂದು, ತುಂಬಾ ಹೊತ್ತು ಓಡಲು ಅದಕ್ಕಿಂತ ಕಡಿಮೆಯ ಇನ್ನೊಂದು. ಹಾಗಾಗಿ ಆರಂಭದ ವೇಗ ಕೊನೆಯ ತನಕ ಇರದಿರುವುದು ಸಹಜ. ಆದರೆ ಲ್ಯಾಪ್‌ಟಾಪ್ ಕಂಪನಿಯ ಸಾಫ್ಟ್‌ವೇರ್‌ನಲ್ಲಿ 'ಸೈಲೆಂಟ್' ಅಥವಾ 'ಇಕೋ' ಆಯ್ಕೆಯಾಗಿದ್ದರೆ ಮಿತಿ ತೀರಾ ಕೆಳಗಿರುತ್ತದೆ. 'ಪರ್ಫಾರ್ಮೆನ್ಸ್'ಗೆ ಬದಲಿಸಿ. ಬಯೋಸ್‌ಗೆ (ಯಂತ್ರ ಆನ್ ಆಗುವಾಗ ಮೊದಲು ಓಡುವ ಸಾಫ್ಟ್‌ವೇರ್) ಅಪ್‌ಡೇಟ್ ಇದ್ದರೆ ಹಾಕಿಕೊಳ್ಳಿ.

ಬಿಸಿ ಇಳಿಸುವುದು

ಹಾಸಿಗೆ, ದಿಂಬಿನ ಮೇಲೆ ಇಟ್ಟು ಆಡಬೇಡಿ. ಹಿಂಭಾಗವನ್ನು ಎರಡು ಪುಸ್ತಕದಷ್ಟು ಎತ್ತರಿಸಿ, ತಳದ ಗಾಳಿಕಿಂಡಿ ಮಾತ್ರ ಮುಚ್ಚಬಾರದು. ಇಷ್ಟಕ್ಕೇ ಕೆಲವು ಡಿಗ್ರಿ ಇಳಿಯುವುದುಂಟು.

ಆಮೇಲೆ ಎಫ್‌ಪಿಎಸ್‌ಗೆ ಕಡಿವಾಣ ಹಾಕಿ. ನನ್ನ ಪ್ರಕಾರ ಇದಕ್ಕಿಂತ ಅಗ್ಗದ, ಒಳ್ಳೆಯ ಉಪಾಯ ಇನ್ನೊಂದಿಲ್ಲ. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಚಿಪ್ ಎರಡರ ಬಿಸಿಯೂ ಒಂದೇ ತಾಮ್ರದ ಕೊಳವೆಯಲ್ಲಿ ಹೊರಗೆ ಹೋಗಬೇಕು. ನಿಮ್ಮ ಪರದೆ 60 ಹರ್ಟ್ಜ್‌ನದಾದರೆ, ಅಂದರೆ ಸೆಕೆಂಡಿಗೆ 60 ಚಿತ್ರ ಮಾತ್ರ ತೋರಿಸುವಂಥದ್ದಾದರೆ, 110 ಫ್ರೇಮ್ ತಯಾರಿಸಿ ಏನು ಪ್ರಯೋಜನ? ಗೇಮ್‌ನ ಸೆಟ್ಟಿಂಗ್‌ನಲ್ಲಿ ಇಲ್ಲವೇ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ 'ಮ್ಯಾಕ್ಸ್ ಫ್ರೇಮ್ ರೇಟ್'ನಲ್ಲಿ 60 ಹಾಕಿ. ಎರಡೂ ಚಿಪ್ ತಣ್ಣಗಾಗುತ್ತವೆ.

ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ 'ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್' ಅನ್ನು 100ರಿಂದ 99ಕ್ಕೆ ಇಳಿಸಿದರೆ ಟರ್ಬೊ (ಮೂಲ ವೇಗಕ್ಕಿಂತ ಜೋರಾಗಿ ಓಡುವುದು) ನಿಲ್ಲುತ್ತದೆ, ಬಿಸಿ ಧಡಕ್ಕನೆ ಕಡಿಮೆಯಾಗುತ್ತದೆ. ಆದರೆ ವೇಗವೂ ಹೋಗುತ್ತದೆ. ಕೋರ್ ಐ7-10750ಎಚ್ ಚಿಪ್ಪಿನ ಟರ್ಬೊ 5 ಗಿಗಾಹರ್ಟ್ಜ್ ವರೆಗೆ, ಮೂಲ ವೇಗ 2.6 ಮಾತ್ರ. ಬೇರೇನೂ ನಡೆಯದಿದ್ದರೆ ಮಾತ್ರ ಈ ದಾರಿ.

ಹಳೆಯ ಯಂತ್ರವಾದರೆ ಫ್ಯಾನ್ ಮತ್ತು ತಾಮ್ರದ ರೆಕ್ಕೆಗಳ ನಡುವೆ ಧೂಳು ಕಂಬಳಿಯಂತೆ ಕೂತಿರುತ್ತದೆ. ಹೊರಗಿನಿಂದ ಊದಿದರೆ ಅದು ಒಳಕ್ಕೇ ಹೋಗಬಹುದು. ಯಂತ್ರ ಆರಿಸಿ, ಹಿಂಬದಿ ಮುಚ್ಚಳ ತೆಗೆದು, ಬ್ಯಾಟರಿ ಕನೆಕ್ಟರ್ ಬಿಡಿಸಿ, ಫ್ಯಾನ್ ತಿರುಗದಂತೆ ಹಿಡಿದು ಊದಿ. ಥರ್ಮಲ್ ಪೇಸ್ಟ್ ಒಣಗಿ ಬಿರಿದಿದ್ದರೆ ಬದಲಿಸಬಹುದು. ಕೆಲವು ಗೇಮಿಂಗ್ ಮಾಡೆಲ್‌ಗಳಲ್ಲಿ ಪೇಸ್ಟ್ ಬದಲು ದ್ರವ ಲೋಹ ಹಾಕಿರುತ್ತಾರೆ. ಅದರಲ್ಲಿ ವಿದ್ಯುತ್ ಹರಿಯುತ್ತದೆ, ಒಂದು ಹನಿ ಬೋರ್ಡ್ ಮೇಲೆ ಬಿದ್ದರೂ ಸಾಕು. ಅಂಥದ್ದಾದರೆ, ಅಥವಾ ವಾರಂಟಿ ಇನ್ನೂ ಇದ್ದರೆ, ಸುಮ್ನೆ ಸರ್ವೀಸ್ ಸೆಂಟರ್‌ಗೆ ಕೊಡಿ. ಕೊಡುವಾಗ ಎಚ್‌ಡಬ್ಲ್ಯುಇನ್ಫೋ ಪರದೆಯ ಚಿತ್ರವನ್ನೂ ತೋರಿಸಿ. 'ನಿಧಾನ ಆಗಿದೆ' ಅಂದರೆ ವಿಂಡೋಸ್ ಹೊಸದಾಗಿ ಹಾಕಿ ಕಳಿಸುತ್ತಾರೆ. '20 ನಿಮಿಷಕ್ಕೆ 98 ಡಿಗ್ರಿ' ಅಂದರೆ ಮುಚ್ಚಳ ತೆಗೆಯುತ್ತಾರೆ.